ಕೂಟ ನಡೆಸುತ್ತೇನೆ, ಆದರೆ ನನಗೇ ಪ್ರಾರ್ಥನೆ ಬರುತ್ತಿಲ್ಲ

ಪ್ರಶ್ನೆ: ನನಗೆ 24 ವರ್ಷ. ಎರಡು ವರ್ಷದಿಂದ ನಮ್ಮ ಸಭೆಯ ಯೂತ್ ಗ್ರೂಪ್ ನಡೆಸುತ್ತಿದ್ದೇನೆ. ಮೊದಲು 30 ಜನ ಬರುತ್ತಿದ್ದರು, ಈಗ 14. ಪಾಸ್ಟರ್ ಪ್ರತಿ ಸಲ ಕೇಳುವುದು ಒಂದೇ, 'ಎಷ್ಟು ಜನ ಬಂದಿದ್ದರು?' ಆದರೆ ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು ಬೇರೆ. ಒಬ್ಬಳೇ ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಮೊನ್ನೆ ನನ್ನ ಬೈಬಲ್ ತಿರುವಿ ನೋಡಿದೆ. ಎಂಟು ತಿಂಗಳಿಂದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿರುವುದೆಲ್ಲ 'ಶುಕ್ರವಾರಕ್ಕೆ', 'ಹುಡುಗರಿಗೆ ಹೇಳಬೇಕು', 'ಒಳ್ಳೆ ಉದಾಹರಣೆ'. ನನಗೆ ಅಂತ ಒಂದು ಗೆರೆಯೂ ಇಲ್ಲ. ಹೋದ ತಿಂಗಳು ಕೂಟ ಮುಗಿದ ಮೇಲೆ ಕುರ್ಚಿ ಜೋಡಿಸುತ್ತಿದ್ದಾಗ 17 ವರ್ಷದ ಒಬ್ಬ ಹುಡುಗ, 'ಅಕ್ಕ, ದೇವರು ಇದ್ದಾನೆ ಅಂತ ನನಗೆ ಅನ್ನಿಸುತ್ತಲೇ ಇಲ್ಲ' ಅಂದ. 'ಇನ್ನೂ ಪ್ರಾರ್ಥನೆ ಮಾಡು, ಸರಿಹೋಗುತ್ತೆ' ಅಂದುಬಿಟ್ಟೆ. ಅವನು ಕೈಯಲ್ಲಿದ್ದ ಕುರ್ಚಿ ಇಟ್ಟು ಹೊರಟುಹೋದ. ಮತ್ತೆ ಬಂದಿಲ್ಲ. ನಾನು ನಾಟಕ ಆಡುತ್ತಿದ್ದೇನಾ? ಎಲ್ಲ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಕಡೇಪಕ್ಷ ಈಗ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಕೊನೆಯ ಸಾಲು ಓದಿದಾಗ ನೀವು ಆಗಲೇ ಅರ್ಧ ಬಿಟ್ಟಿದ್ದೀರಿ ಅನ್ನಿಸಿತು. 16ನೇ ಶತಮಾನದಲ್ಲಿ ಬದುಕಿದ್ದ ಸಂತ ಇಗ್ನೇಷಿಯಸ್ ಲೊಯೋಲಾ ಇಂಥ ಹೊತ್ತಿಗೇ ಅಂತ ಒಂದು ಬುದ್ಧಿಮಾತು ಹೇಳಿದ್ದಾರೆ. ಮನಸ್ಸು ಬತ್ತಿಹೋದ ಕಾಲದಲ್ಲಿ, ಅದಕ್ಕೆ ಮುಂಚೆ ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಾಯಿಸಬಾರದು. ಬೇಕಾದರೆ ಪ್ರಾರ್ಥನೆ, ಆತ್ಮಪರೀಕ್ಷೆಯಂಥ ಉಳಿದ ವಿಷಯಗಳಲ್ಲಿ ಬದಲಾವಣೆ ಮಾಡಿಕೊಳ್ಳಿ ಅನ್ನುತ್ತಾರೆ. ಮುಂದೊಂದು ದಿನ ನೀವು ನಾಯಕತ್ವ ಬಿಟ್ಟರೂ ತಪ್ಪಿಲ್ಲ. ಆದರೆ ನಾಚಿಕೆಯಿಂದ ಓಡಿಹೋದ ಹಾಗೆ ಬಿಡಬೇಡಿ.

ಇನ್ನು ನಾಟಕದ ಮಾತು. ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. 'ಈ ವಾರ ದೇವರು ನನ್ನ ಹತ್ತಿರ ಹೀಗೆ ಮಾತಾಡಿದರು' ಅಂತ, ಆಗದೇ ಇದ್ದದ್ದನ್ನು ಆಯಿತು ಅಂತ ಕೂಟದಲ್ಲಿ ಸಾಕ್ಷಿ ಹೇಳಿದ್ದೀರಾ? ಹೇಳಿದ್ದರೆ ಅದು ನಾಟಕ. ಅದನ್ನು ಈ ಶುಕ್ರವಾರದಿಂದಲೇ ನಿಲ್ಲಿಸಿ. ಹೇಳಿಲ್ಲ, ಮನಸ್ಸು ಒಣಗಿದ್ದರೂ ವಾಕ್ಯ ತೆಗೆದು, ತಯಾರಿ ಮಾಡಿ, ಬಂದ ಮಕ್ಕಳಿಗೆ ಪ್ರಾಮಾಣಿಕವಾಗಿ ಕಲಿಸಿದ್ದೀರಿ ಅಂದರೆ ಅದಕ್ಕೆ ನಾಟಕ ಅನ್ನುವುದಿಲ್ಲ. ಅದು ನಿಷ್ಠೆ. ನಿಮಗೆ ಹಾಗೆ ಕಾಣುತ್ತಿಲ್ಲ ಅಷ್ಟೇ.

ಮದರ್ ತೆರೇಸಾ ಅವರ ವಿಷಯ ನಿಮಗೆ ಗೊತ್ತಿರಬಹುದು. ಅವರು ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷದ ನಂತರ, 2007ರಲ್ಲಿ ಅವರ ಪತ್ರಗಳು ಹೊರಬಂದಾಗ ಜಗತ್ತಿಗೆ ತಿಳಿಯಿತು, ಸುಮಾರು ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಬಹುಪಾಲು ಕತ್ತಲೆಯೇ ಕಂಡಿತ್ತು ಅಂತ. ಇದನ್ನು 'ನೋಡಿ, ಅವರಿಗೂ ಹಾಗೇ ಆಗಿತ್ತು' ಅಂತ ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಪತ್ರಗಳನ್ನು ಅವರು ಬರೆದದ್ದು ತಮ್ಮ ಆತ್ಮಿಕ ಮಾರ್ಗದರ್ಶಕರಾಗಿದ್ದ ಗುರುಗಳಿಗೆ. ಊರಿಗೆಲ್ಲ ಸಾರಲಿಲ್ಲ, ಆದರೆ ಒಬ್ಬರೇ ನುಂಗಿಕೊಂಡೂ ಕೂರಲಿಲ್ಲ. ನಿಮ್ಮ ಪತ್ರದಲ್ಲಿ ನಾನು ಹುಡುಕಿ ಹುಡುಕಿ ನೋಡಿದೆ, ನೀವು ಇದನ್ನು ಹೇಳಿಕೊಂಡಿರುವ ಒಬ್ಬ ವ್ಯಕ್ತಿಯೂ ಅದರಲ್ಲಿಲ್ಲ. ಅದೇ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು.

ಹಾಗಾಗಿ ಮೊದಲು ಒಬ್ಬರನ್ನು ಹುಡುಕಿ. ನಿಮಗಿಂತ ವಯಸ್ಸಿನಲ್ಲೂ ವಿಶ್ವಾಸದಲ್ಲೂ ಹಿರಿಯರು, ನಿಮ್ಮ ಕೂಟದ ಲೆಕ್ಕ ಕೇಳದವರು. ಸಭೆಯ ಹಿರಿಯಕ್ಕ ಆಗಬಹುದು, ಬೇರೆ ಸಭೆಯ ಪಾಸ್ಟರ್ ಆಗಬಹುದು. ತಿಂಗಳಿಗೊಮ್ಮೆ ಒಂದು ಗಂಟೆ ಸಾಕು. ಈ ಭಾರವನ್ನು ಆ 14 ಮಕ್ಕಳ ಮುಂದೆ ಪೂರ್ತಿ ಸುರಿಯಬೇಡಿ. 'ನನಗೂ ಈಗ ಪ್ರಾರ್ಥನೆ ಕಷ್ಟವಾಗುತ್ತಿದೆ, ಆದರೂ ಬಿಟ್ಟಿಲ್ಲ' ಅಂತ ಒಂದು ಮಾತು ಹೇಳಿ, ಅವರಿಗೆ ಧೈರ್ಯ ಬರುತ್ತದೆ. ಆದರೆ ನಿಮ್ಮನ್ನು ಸಂತೈಸುವ ಕೆಲಸ ಅವರದ್ದಲ್ಲ.

ಈಗ ಆ ಬೈಬಲಿನ ಅಂಚಿಗೆ ಬರೋಣ. ನಾನೂ ಹಿಂದೆ ಕೆಲವು ವರ್ಷ ಯೂತ್ ಗ್ರೂಪ್ ನಡೆಸಿದ್ದೇನೆ, ಹಾಗಾಗಿ ನಿಮ್ಮ ಪತ್ರದ ಆ ಭಾಗ ಓದುವಾಗ ಎದೆ ಚುರುಕ್ ಅಂದಿತು. ಇನ್ನೊಬ್ಬರಿಗೆ ಹೇಳುವುದಕ್ಕೆ ಓದುವ ಅಭ್ಯಾಸ ಬಿದ್ದರೆ, ಒಂದು ವಚನ ಕಣ್ಣಿಗೆ ಬಿದ್ದ ಕೂಡಲೇ ಮನಸ್ಸು 'ಇದನ್ನು ಹೇಗೆ ವಿವರಿಸಲಿ' ಅಂತ ಓಡುತ್ತದೆ, ಅದು ನನ್ನನ್ನು ಮುಟ್ಟುವ ಮೊದಲೇ ಇನ್ನೊಬ್ಬರ ಕಡೆ ಸಾಗಿಸಿಬಿಡುತ್ತೇವೆ. ನೀವು ಓದುವುದನ್ನು ಬಿಟ್ಟಿಲ್ಲ. ನಿಮಗಾಗಿ ಓದುವುದನ್ನು ಬಿಟ್ಟಿದ್ದೀರಿ.

ಆ ಗುರುತುಗಳಿರುವ ಬೈಬಲನ್ನು ಕೂಟಕ್ಕೆ ಇಟ್ಟುಕೊಳ್ಳಿ. ನಿಮಗೆ ಬೇರೆ ಒಂದು ಪ್ರತಿ, ಒಂದು ಗೆರೆಯೂ ಎಳೆಯದ್ದು. ಮಾರ್ಕನ ಸುವಾರ್ತೆ ತೆಗೆಯಿರಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಒಂದೇ ಒಂದು ಪ್ರಸಂಗ ಓದಿ, ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಅಲ್ಲಿ ಓದಿದ್ದು ಯಾವುದೂ ಕೂಟಕ್ಕೆ ಹೋಗಬಾರದು. ಎಷ್ಟೇ ಚೆನ್ನಾಗಿರಲಿ, ಹೋಗಬಾರದು. ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ಸ್ವಲ್ಪ ನಿಧಾನಿಸಿ. ಅಲ್ಲಿ ಕಾಯಿಲೆ ಬಿದ್ದ ಮಗನನ್ನು ಕರೆದುಕೊಂಡು ಬಂದ ಒಬ್ಬ ತಂದೆ, ನಂಬುತ್ತೇನೆ ಅಂತಲೂ ಹೇಳುತ್ತಾನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಅದೇ ಉಸಿರಿನಲ್ಲಿ ಕೂಗುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಅವನ ಮಗ ವಾಸಿಯಾದ.

ಬಾಯಿಗೆ ಸ್ವಂತ ಮಾತು ಬರದಿದ್ದರೆ ಬೈಬಲಿನ ಕೀರ್ತನೆಗಳನ್ನು ಗಟ್ಟಿಯಾಗಿ ಓದಿ, ಅದೇ ಪ್ರಾರ್ಥನೆ. ಸಭೆ ಶತಮಾನಗಳಿಂದ ಹಾಗೇ ಮಾಡಿಕೊಂಡು ಬಂದಿದೆ. 88ನೇ ಕೀರ್ತನೆ ನೋಡಿ, ಶುರುವಿನಿಂದ ಕೊನೆವರೆಗೆ ಅಳಲು, ಕೊನೆಯ ಸಾಲಿನಲ್ಲೂ ಕತ್ತಲೆಯೇ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರೆ ಅಲ್ವಾ?

ದೇಹದ ಆಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೈಬಲಿನ ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು ನನಗೆ ಸಾವು ಬಂದರೆ ಸಾಕು ಅಂದಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವೇ ಕೊಟ್ಟ. ದೇವರ ಜೊತೆ ಮಾತು ನಡೆದದ್ದು ಆಮೇಲೆ. ನಿಮಗೆ ಪ್ರಾರ್ಥನೆ ಮಾತ್ರವಲ್ಲ, ನಿದ್ದೆ, ಊಟ, ಗೆಳತಿಯರು, ಇಷ್ಟದ ಕೆಲಸ ಎಲ್ಲವೂ ಬೇಡವಾಗಿದ್ದರೆ, ಅದು ವಾರಗಟ್ಟಲೆ ಹೀಗೇ ಇದ್ದರೆ ವೈದ್ಯರನ್ನು ನೋಡಿ. ಅದು ವಿಶ್ವಾಸದ ಕೊರತೆ ಅಲ್ಲ.

ಪಾಸ್ಟರ್ ಜೊತೆ ಒಮ್ಮೆ ಕೂತು ಮಾತಾಡಿ. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ತೋರಿಸಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಜನರ ವ್ಯಾಜ್ಯ ಕೇಳುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ ನೇರವಾಗಿ ಹೇಳುತ್ತಾನೆ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ದಣಿಯುತ್ತೀಯ, ಜನರೂ ದಣಿಯುತ್ತಾರೆ ಅಂತ. ಹತ್ತು ಹತ್ತು ಜನರಿಗೂ ಒಬ್ಬೊಬ್ಬ ಮುಖಂಡ ಬೇಕು ಅನ್ನುತ್ತಾನೆ. ನಿಮ್ಮಲ್ಲಿ 14 ಜನ ಇದ್ದಾರೆ, ಹಾಡು, ಸಂದೇಶ, ಆಟ, ಹಾಜರಿ ಎಲ್ಲ ನೀವೊಬ್ಬರೇ ಹೊತ್ತಿರಬೇಕು ಅಂತ ನನ್ನ ಅನುಮಾನ. ಇಬ್ಬರು ದೊಡ್ಡ ಮಕ್ಕಳಿಗೆ ತಿಂಗಳಿಗೆ ಒಂದೊಂದು ಶುಕ್ರವಾರ ಬಿಟ್ಟುಕೊಡಿ. ತಡವರಿಸಿದರೆ ತಡವರಿಸಲಿ. ಸಂಖ್ಯೆ ಕೇಳುವುದು ಪಾಸ್ಟರ್ ಅವರ ಜವಾಬ್ದಾರಿ, ಕೇಳಲಿ. ಆದರೆ ಮುಂದಿನ ಸಲ ಕೇಳಿದಾಗ '14' ಅಂತ ಹೇಳಿ ನಿಲ್ಲಿಸಬೇಡಿ. ಬರುವುದನ್ನು ನಿಲ್ಲಿಸಿದ ಒಬ್ಬ ಹುಡುಗನ ಬಗ್ಗೆಯೂ ಹೇಳಿ. ಅವನು ನಂಬಿ ಹೇಳಿದ ಮಾತು ಬೇಡ, ಅವನು ಬರುತ್ತಿಲ್ಲ ಅನ್ನುವುದಷ್ಟೇ ಸಾಕು.

ಆ ಹುಡುಗನ ವಿಷಯ ಮಾತ್ರ ತಡ ಮಾಡಬೇಡಿ. 17ನೇ ವಯಸ್ಸಿನಲ್ಲಿ, ಎಲ್ಲರೂ ಹೋದ ಮೇಲೆ ಕುರ್ಚಿ ಎತ್ತುವ ನೆಪದಲ್ಲಿ ಉಳಿದುಕೊಂಡು ಇಂಥ ಮಾತು ಆಡಬೇಕಾದರೆ ಎಷ್ಟು ದಿನ ಯೋಚಿಸಿರಬೇಕು ಅವನು. ಅವನು ಉತ್ತರ ಕೇಳಲಿಲ್ಲ, ಜೊತೆಗೆ ಒಬ್ಬರು ನಿಲ್ಲಲಿ ಅಂತ ಬಯಸಿದ್ದ. ಅವತ್ತು ನಿಮ್ಮ ಹತ್ತಿರ ಕೊಡುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ಸಿದ್ಧ ಉತ್ತರ ಕೊಟ್ಟಿರಿ. ಅದನ್ನೇ ಅವನಿಗೆ ಹೇಳಿ. ಭೇಟಿ ಆಗುವುದಾದರೆ ನಾಲ್ಕು ಜನ ಓಡಾಡುವ ಜಾಗದಲ್ಲಿ ಕೂತು ಮಾತಾಡಿ, ಅವನ ಮನೆಯವರಿಗೆ ಗೊತ್ತಿರಲಿ. ಮಾತಿನ ಮಧ್ಯೆ ಬದುಕೇ ಬೇಡ ಅನ್ನುವ ಸುಳಿವು ಸಿಕ್ಕರೆ ಅದನ್ನು ಗುಟ್ಟಾಗಿ ಇಡಬೇಡಿ, ಕೂಡಲೇ ಅವನ ಹೆತ್ತವರನ್ನೂ ವೈದ್ಯರನ್ನೂ ಸೇರಿಸಿಕೊಳ್ಳಿ. ಗುಟ್ಟಾಗಿಡುತ್ತೇನೆ ಅಂತ ಮೊದಲೇ ಮಾತು ಕೊಡಲೂ ಬೇಡಿ.

ಅವನಿಗೆ ಒಂದು ಮೆಸೇಜ್ ಕಳಿಸಿ. ವಚನ ಬೇಡ, ಕೂಟಕ್ಕೆ ಬಾ ಅನ್ನುವುದೂ ಬೇಡ. ಇಷ್ಟೇ ಬರೆಯಿರಿ: 'ಅವತ್ತು ಕುರ್ಚಿ ಜೋಡಿಸುವಾಗ ನೀನು ಹೇಳಿದ್ದಕ್ಕೆ ನಾನು ಸರಿಯಾಗಿ ಕಿವಿ ಕೊಡಲಿಲ್ಲ. ಕ್ಷಮಿಸು. ನನಗೂ ಕೆಲವು ತಿಂಗಳಿಂದ ಹಾಗೇ ಅನ್ನಿಸುತ್ತಿದೆ. ನಿನಗೆ ಮನಸ್ಸಾದಾಗ ಹೇಳು, ಈ ಸಲ ಪೂರ್ತಿ ಕೇಳುತ್ತೇನೆ.' ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು, ಚೆನ್ನಾಗಿದ್ದೀಯಾ ಅಂತ ಇನ್ನೊಮ್ಮೆ ಕೇಳಿ. ಆಮೇಲೆ ಏನಾಯಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.