ಬಟ್ಟು ಸರಿ, ತಕ್ಕಡಿ ಖೋಟಾ: ಇಂಗ್ಲೆಂಡಿನ ಹಳ್ಳಿ ಅಂಗಡಿಗಳ ತೂಕ

ಪ್ರಶ್ನೆ: ಇಂಗ್ಲೆಂಡಿನ 1795ರ ತೂಕದ ಕಾಯ್ದೆಯಲ್ಲಿ ಖೋಟಾ ಬಟ್ಟುಗಳ ಜೊತೆಗೆ 'ಅಸಮ ತಕ್ಕಡಿ'ಯ ಪ್ರಸ್ತಾಪವೂ ಇದೆ. ಬಟ್ಟು ಸರಿಯಾಗಿದ್ದು, ಖಾಲಿ ತಕ್ಕಡಿ ಸಮವಾಗಿ ನಿಂತರೆ ಮೋಸಕ್ಕೆ ಜಾಗವೆಲ್ಲಿ?

ದಂಡಿಗೆಯಲ್ಲಿ, ಅಂದರೆ ಎರಡೂ ತಟ್ಟೆಗಳು ನೇತಾಡುವ ಅಡ್ಡ ಕೋಲಿನಲ್ಲಿ. 24 ಇಂಚಿನ ದಂಡಿಗೆ ಎಂದುಕೊಳ್ಳಿ. ನಡುವಿನ ಆನಿಕೆಯನ್ನು ಬರೀ ಕಾಲು ಇಂಚು ಸರಿಸಿದರೆ ಒಂದು ತೋಳು 12.25 ಇಂಚು, ಇನ್ನೊಂದು 11.75 ಇಂಚು ಆಗುತ್ತದೆ. ಉದ್ದ ತೋಳಿಗೆ ಸ್ವಲ್ಪ ಹಗುರದ ತಟ್ಟೆ ಕಟ್ಟಿದರೆ, ಇಲ್ಲವೇ ಗಿಡ್ಡ ತೋಳಿನ ತಟ್ಟೆಯ ಅಡಿಗೆ ಮೇಣವನ್ನೋ ಸೀಸದ ಚೂರನ್ನೋ ಮೆತ್ತಿದರೆ ಖಾಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಅಂಗಡಿಯವನಿಗೆ ಉಳಿಯುವ ಕೆಲಸ ಒಂದೇ, ಸಾಮಾನನ್ನು ಯಾವಾಗಲೂ ಉದ್ದ ತೋಳಿನ ತಟ್ಟೆಗೆ ಹಾಕುವುದು. ಒಂದು ಪೌಂಡಿನ, ಅಂದರೆ 16 ಔನ್ಸಿನ, ಅಪ್ಪಟ ಬಟ್ಟಿಗೆ ಸಮ ತೂಗುವ ಚೀಸು ನಿಜವಾಗಿ 15.35 ಔನ್ಸ್ ಇರುತ್ತದೆ. ನೂರಕ್ಕೆ ನಾಲ್ಕು ಪಾಲು ಹೋಯಿತು. ಕಾಲು ಇಂಚು ಕಣ್ಣಿಗೂ ಬೀಳದು.

ಕಂಡುಹಿಡಿಯುವುದು ಸುಲಭ: ಸಾಮಾನನ್ನೂ ಬಟ್ಟನ್ನೂ ಅದಲು ಬದಲು ಮಾಡಬೇಕು. ಆಗ ವ್ಯತ್ಯಾಸ ಎರಡುಪಟ್ಟಾಗುತ್ತದೆ. ಅದೇ ಚೀಸು 14.7 ಔನ್ಸಿನ ಆಸುಪಾಸಿಗೆ ಇಳಿದು, 16 ಔನ್ಸಿನ ಬಟ್ಟು ದಬಕ್ಕನೆ ಕೆಳಗೆ ಕೂರುತ್ತದೆ. ಸರಿಯಾದ ತೂಕ ಬೇಕಿದ್ದರೆ ಎರಡೂ ಸಲದ ಅಂಕಿಗಳನ್ನು ಗುಣಿಸಿ ವರ್ಗಮೂಲ ತೆಗೆಯಬೇಕು. ಆದರೆ ಹಳ್ಳಿಯ ಅಂಗಡಿಯಲ್ಲಿ "ತಟ್ಟೆ ಬದಲಿಸಿ ತೂಗು" ಎನ್ನುವ ಧೈರ್ಯ ಯಾರಿಗಿತ್ತು? ಕೂಲಿಯಾಳಿನ ಮನೆಗೆ ಚಹಾ, ಸಕ್ಕರೆ, ಬೆಣ್ಣೆ ಎಲ್ಲ ಬರುತ್ತಿದ್ದದ್ದು ಅದೇ ಅಂಗಡಿಯಿಂದ, ಬಹಳ ಸಲ ಸಾಲದ ಮೇಲೆ. ತಕ್ಕಡಿಯ ಮೇಲೆ ಅನುಮಾನ ಪಟ್ಟವನಿಗೆ ಮುಂದಿನ ವಾರ ಸಾಲ ಹುಟ್ಟದು.

ಪ್ರಶ್ನೆ: ಹಾಗಾದರೆ ಹಿಡಿಯುತ್ತಿದ್ದವರು ಯಾರು? ಪೊಲೀಸರೇ ಇಲ್ಲದ ಕಾಲವಲ್ಲವೇ?

ಕಾನೂನಿಗೇನೂ ಬರವಿರಲಿಲ್ಲ. 1215ರ ಮ್ಯಾಗ್ನಾ ಕಾರ್ಟಾ ಎಂಬ ರಾಜನ ಹಕ್ಕುಪತ್ರದಲ್ಲೇ ರಾಜ್ಯಕ್ಕೆಲ್ಲ ಒಂದೇ ಅಳತೆ ಇರಬೇಕೆಂಬ ಮಾತಿದೆ. ಎಲಿಜಬೆತ್ ರಾಣಿಯ ಕಾಲದಲ್ಲಿ, 1588ರಲ್ಲಿ ತೂಕದ ಮತ್ತು 1601ರಲ್ಲಿ ಅಳತೆ ಪಾತ್ರೆಗಳ ಮಾದರಿಗಳು ಹೊಸದಾಗಿ ಸಿದ್ಧವಾದವು, ನಕಲುಗಳು ಮುಖ್ಯ ಪಟ್ಟಣಗಳಿಗೆ ಹೋದವು. ಹಳ್ಳಿಯವನಿಗೆ ಆ ಪಟ್ಟಣವೇ ದೂರ. ಹಳ್ಳಿಗಳಲ್ಲಿ ಜಮೀನ್ದಾರನ 'ಕೋರ್ಟ್ ಲೀಟ್' ಎಂಬ ಪಂಚಾಯಿತಿಯಂಥ ನ್ಯಾಯಸಭೆ ತೂಕ ನೋಡಬೇಕಿತ್ತು. ಅದರ ಪಂಚರು ಅಂಗಡಿಯವನ ನೆರೆಹೊರೆಯವರೇ. 18ನೇ ಶತಮಾನದ ಹೊತ್ತಿಗೆ ಎಷ್ಟೋ ಕಡೆ ಆ ಸಭೆ ಹೆಸರಿಗಷ್ಟೇ ಉಳಿದಿತ್ತು.

ಧಾನ್ಯದ ಬೆಲೆ ಏರಿ ಜನ ದಂಗೆ ಎದ್ದ ವರ್ಷ 1795. ಆ ವರ್ಷದ ಕಾಯ್ದೆ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದ) ಮ್ಯಾಜಿಸ್ಟ್ರೇಟರು ತಮ್ಮ ತ್ರೈಮಾಸಿಕ ಸಭೆಯಲ್ಲಿ ತೂಕದ ಪರೀಕ್ಷಕರನ್ನು ನೇಮಿಸಲು ಅಧಿಕಾರ ಕೊಟ್ಟಿತು. ಸಂಬಳ ಕೌಂಟಿಯ ತೆರಿಗೆಯಿಂದ. ನನ್ನ ಲೆಕ್ಕದಲ್ಲಿ ತಿರುವು ಇದೇ: ಯಾರೂ ದೂರು ಕೊಡದಿದ್ದರೂ ಪರೀಕ್ಷಕ ಹಗಲು ಹೊತ್ತು ಅಂಗಡಿಗೆ ನುಗ್ಗಬಹುದಿತ್ತು. ಅವನ ಬಳಿ ಮಾದರಿ ಬಟ್ಟುಗಳು ಇರುತ್ತಿದ್ದವು. ಮೊದಲು ತಕ್ಕಡಿಯನ್ನು ಖಾಲಿ ನೋಡಬೇಕು, ತಟ್ಟೆಗಳ ಅಡಿ ಸವರಬೇಕು, ಎರಡೂ ಕಡೆ ಸಮ ಬಟ್ಟು ಇಟ್ಟು ಅದಲು ಬದಲು ಮಾಡಬೇಕು, ಕೊನೆಗೆ ಅಂಗಡಿಯ ಒಂದೊಂದೇ ಬಟ್ಟನ್ನು ಮಾದರಿಗೆ ಎದುರಿಟ್ಟು ತೂಗಬೇಕು. ತಪ್ಪಿದ್ದನ್ನು ಜಪ್ತಿ ಮಾಡಬಹುದಿತ್ತು. ದಂಡ 5ರಿಂದ 20 ಶಿಲಿಂಗ್. ಕೂಲಿಯಾಳಿನ ವಾರದ ದುಡಿಮೆಯೇ ಎಂಟು ಹತ್ತು ಶಿಲಿಂಗ್ ಇದ್ದ ಕಾಲದಲ್ಲಿ ಅಂಗಡಿಯವನಿಗೆ ಇದು ಹೊರೆಯಲ್ಲ. ಸಿಕ್ಕಿಬಿದ್ದವರ ಹೆಸರು ಪತ್ರಿಕೆಯಲ್ಲಿ ಅಚ್ಚಾದಾಗಲೇ ನಿಜವಾಗಿ ಬಿಸಿ ತಟ್ಟುತ್ತಿದ್ದದ್ದು.

ನ್ಯೂನತೆಗಳೂ ಇದ್ದವು. ಪರೀಕ್ಷಕರನ್ನು ನೇಮಿಸಲೇಬೇಕೆಂಬ ಕಡ್ಡಾಯವಿರಲಿಲ್ಲ. ಕಾಯ್ದೆ ಬಟ್ಟು, ತಕ್ಕಡಿಗಳಿಗೆ ಮಾತ್ರ ಸಲ್ಲುತ್ತಿತ್ತು, ಅಳತೆ ಪಾತ್ರೆಗಳಿಗೆ 1815ರವರೆಗೆ ಕಾಯಬೇಕಾಯಿತು. 1835ರ ಕಾಯ್ದೆ ಕೌಂಟಿಗಳಿಗೆ ಇನ್‌ಸ್ಪೆಕ್ಟರುಗಳನ್ನು ಕಡ್ಡಾಯ ಮಾಡಿತು, ಬಟ್ಟಿಗೆ ಪರೀಕ್ಷೆಯಾದ ಗುರುತಿನ ಮುದ್ರೆ ಇರಲೇಬೇಕೆಂದಿತು. ಕೆತ್ತಲು, ಸವೆಯಲು ಸುಲಭವಾದ ಸೀಸ ಮತ್ತು ಪ್ಯೂಟರ್ (ತವರದ ಮಿಶ್ರಲೋಹ) ಬಟ್ಟುಗಳನ್ನು, ಮೇಲೆ ಹಿತ್ತಾಳೆ, ತಾಮ್ರ ಅಥವಾ ಕಬ್ಬಿಣದ ಕವಚವಿಲ್ಲದಿದ್ದರೆ, ನಿಷೇಧಿಸಿತು. 1839ರ ನಂತರ ಕೌಂಟಿ ಪೊಲೀಸ್ ಪಡೆಗಳು ಬಂದಾಗ ಎಷ್ಟೋ ಕಡೆ ಪೊಲೀಸ್ ಸೂಪರಿಂಟೆಂಡೆಂಟರಿಗೇ ಈ ಕೆಲಸವನ್ನೂ ಅಂಟಿಸಿದರು. ತಕ್ಕಡಿಗೇ ಮುದ್ರೆ ಕಡ್ಡಾಯವಾದದ್ದು 1889ರಲ್ಲಿ. ಅಲ್ಲಿಯವರೆಗೆ ಮುದ್ರೆಯ ಬಟ್ಟು ತೋರಿಸಿ ಓರೆ ದಂಡಿಗೆಯಲ್ಲಿ ತೂಗುವವನು ಇನ್‌ಸ್ಪೆಕ್ಟರ್ ಬರುವ ತನಕ ನಿಶ್ಚಿಂತ.

ಒಂದು ಮಾತು: ತೂಕ ಕಡಿಮೆ ಬಂದದ್ದೆಲ್ಲ ಮೋಸವಲ್ಲ. 'ಸ್ಟೋನ್' ಎಂಬ ತೂಕ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯಲ್ಲಿ 8 ಪೌಂಡ್, ಬೇರೆ ಸರಕಿಗೆ 14 ಪೌಂಡ್. 1835ರಲ್ಲಷ್ಟೇ 14 ಎಂದು ಖಾಯಂ ಆಯಿತು.

ಪ್ರಶ್ನೆ: ಮುದ್ರೆ ಬಿದ್ದ ಬುಷೆಲ್ ಪಾತ್ರೆಯಿಂದಲೂ (ಎಂಟು ಗ್ಯಾಲನ್ ಹಿಡಿಯುವ, ಕಾಳು ಮುಂತಾದವನ್ನು ಅಳೆಯುವ ಪಾತ್ರೆ) ಮೋಸ ಮಾಡಬಹುದಿತ್ತು ಎಂದು ಓದಿದ್ದೇನೆ. ಹೇಗೆ?

ಪಾತ್ರೆಯ ಆಕಾರದಿಂದ. ಕಲ್ಲಿದ್ದಲು, ಸುಣ್ಣ, ಆಲೂಗಡ್ಡೆ, ಹಣ್ಣುಗಳನ್ನು ಬಾಯಿಮಟ್ಟ ಅಳೆಯದೆ ಗೋಪುರದಂತೆ ಏರಿಸಿ ಅಳೆಯುತ್ತಿದ್ದರು. 1824ರ ಕಾಯ್ದೆಯ ಪ್ರಕಾರ ಆ ಪಾತ್ರೆಯ ಹೊರ ಅಗಲ 19.5 ಇಂಚು, ಗೋಪುರದ ಎತ್ತರ ಕನಿಷ್ಠ 6 ಇಂಚು. ಪಾತ್ರೆಯೊಳಗೆ ಹಿಡಿಯುವುದು 2218 ಘನ ಇಂಚು, ಗೋಪುರದಲ್ಲಿ ಇನ್ನೂ ಸುಮಾರು 597. ಅಂದರೆ ಕಾಲು ಬುಷೆಲಿಗೂ ಮಿಕ್ಕಿದ ಸರಕು ಪಾತ್ರೆಯ ಹೊರಗೆ, ಗಾಳಿಯಲ್ಲಿ ನಿಂತಿದೆ! ಈಗ ಅಷ್ಟೇ ಹಿಡಿಯುವ, ಆದರೆ ಬಾಯಿ 17 ಇಂಚಿಗೆ ಕಿರಿದಾದ ಆಳದ ಪಾತ್ರೆ ಮಾಡಿಸಿ. ಸರಕು ಅದೇ ಇಳಿಜಾರಿನಲ್ಲಿ ನಿಂತರೆ ಗೋಪುರದಲ್ಲಿ 396 ಘನ ಇಂಚು ಮಾತ್ರ. ಪ್ರತಿ ಅಳತೆಗೂ 200 ಘನ ಇಂಚು, ಮುಕ್ಕಾಲು ಗ್ಯಾಲನ್ನಿಗೆ ಹತ್ತಿರ, ಮಾರುವವನಿಗೆ ಉಳಿತಾಯ. ನೀರು ತುಂಬಿ ಪರೀಕ್ಷಿಸಿದರೆ ಪಾತ್ರೆ ಪಕ್ಕಾ. ಗೋಪುರದ ಅಳತೆಯನ್ನು 1834ರಲ್ಲಿ ರದ್ದು ಮಾಡಿದ್ದು, ಮರುವರ್ಷ ಕಲ್ಲಿದ್ದಲನ್ನು ತೂಗಿಯೇ ಮಾರಬೇಕೆಂದದ್ದು ಇದಕ್ಕೇ.

ಗೋಧಿಯಲ್ಲಿ ಕೈಚಳಕ ಬೇರೆ. ಮೆಲ್ಲಗೆ ಸುರಿದರೆ ಕಾಳು ಸಡಿಲ, ಎತ್ತರದಿಂದ ಸುರಿದು ಪಾತ್ರೆ ಕುಲುಕಿದರೆ ಗಟ್ಟಿ. ಕೊಳ್ಳುವ ವ್ಯಾಪಾರಿ ಕುಲುಕುತ್ತಾನೆ, ಮಾರುವಾಗ ಕುಲುಕುವುದಿಲ್ಲ. ಬಾಯಿ ಒರೆಯುವ ಕೋಲು ಉದ್ದಕ್ಕೂ ಒಂದೇ ದಪ್ಪದ ದುಂಡು ಕೋಲೇ ಆಗಿರಬೇಕೆಂದು ಕಾಯ್ದೆಯಲ್ಲಿ ಬರೆಯಬೇಕಾಗಿ ಬಂದದ್ದು ಸುಮ್ಮನಲ್ಲ.

ಪ್ರಶ್ನೆ: ಹಿಟ್ಟಿನ ಗಿರಣಿಯವರನ್ನು ಹೇಗೆ ಹದ್ದುಬಸ್ತಿನಲ್ಲಿಟ್ಟರು?

ಕೂಲಿಗೆ ಬದಲು ಕಾಳಿನಲ್ಲೇ ಪಾಲು ಮುರಿದುಕೊಳ್ಳುವುದು ಹಳೆಯ ಪದ್ಧತಿ, ಪಾಲಿನ ಪ್ರಮಾಣ ಊರಿಂದೂರಿಗೆ ಬೇರೆ, ಮೊಗೆಯುವ ಪಾತ್ರೆ ಗಿರಣಿಯವನದೇ. 1796ರ ಕಾಯ್ದೆ ಪ್ರತಿ ಗಿರಣಿಯಲ್ಲೂ ಸರಿಯಾದ ತಕ್ಕಡಿ, ಬಟ್ಟು ಇರಬೇಕು, ಗಿರಾಕಿ ಕೇಳಿದರೆ ಕಾಳನ್ನೂ ಹಿಟ್ಟನ್ನೂ ತೂಗಿ ತೋರಿಸಬೇಕು, ಸಾಮಾನ್ಯವಾಗಿ ಕೂಲಿಯನ್ನು ಹಣದಲ್ಲೇ ಪಡೆಯಬೇಕು, ದರಪಟ್ಟಿ ತೂಗುಹಾಕಬೇಕು ಎಂದಿತು. ಬೀಸುವಾಗಿನ ಸವಕಳಿಗೆ ವಿನಾಯಿತಿ ಇತ್ತು. ಜಗಳವೆಲ್ಲ ಆ ಸವಕಳಿ ಎಷ್ಟು ಎಂಬುದರ ಮೇಲೆಯೇ.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿದ್ದೇನೆ. ಹಳೆ ಸಾಮಾನಿನ ಸಂತೆಯಲ್ಲಿ 7 ಪೌಂಡಿನ ಕಬ್ಬಿಣದ ಬಟ್ಟು ಕೊಂಡೆ. ಅಡಿಯಲ್ಲಿ ಸೀಸ ತುಂಬಿದ ಕುಳಿ ಇದೆ. ಇದು ಮೋಸದ ಬಟ್ಟೇ?

ಅಲ್ಲ. ಎರಕದ ಕಬ್ಬಿಣ ನಿಖರ ತೂಕಕ್ಕೆ ಬರುವುದಿಲ್ಲ. ಹಾಗಾಗಿ ಕುಳಿ ಬಿಟ್ಟು, ಸೀಸ ಹೊಯ್ದು ಸರಿತೂಗಿಸಿ, ಆ ಸೀಸದ ಮೇಲೆಯೇ ಮುದ್ರೆ ಒತ್ತುತ್ತಿದ್ದರು. ಸೀಸ ಕೆರೆದು ತೆಗೆದರೆ ಮುದ್ರೆಯೂ ಹೋಗುತ್ತದೆ, ಕಳ್ಳತನ ತಾನಾಗಿ ಬಯಲಾಗುತ್ತದೆ. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ 'ವಿ ಆರ್' ಅಕ್ಷರಗಳಿದ್ದು ಜೊತೆಗೆ ಒಂದು ಅಂಕಿಯೂ ಇದ್ದರೆ ಅದು ಬಹುಮಟ್ಟಿಗೆ 1879ರ ನಂತರದ ಮುದ್ರೆ: ಆ ಅಂಕಿ ಪರೀಕ್ಷಿಸಿದ ಜಿಲ್ಲೆಯ ಗುರುತು. ಒಂದರ ಮೇಲೊಂದು ಮುದ್ರೆಗಳಿದ್ದರೆ ಮರುಪರೀಕ್ಷೆಗೆ ಹೋಗಿ ಬಂದ ಬಟ್ಟು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ, 3.175 ಕಿಲೋ ತೋರಿಸಬೇಕು. ತುಕ್ಕಿನಿಂದ ಕೆಲವು ಗ್ರಾಂ ಆಚೀಚೆ ಆದೀತು. ತುಕ್ಕು ಉಜ್ಜಲು ಹೋಗುವವರು ಸೀಸದ ಭಾಗಕ್ಕೆ ಮಾತ್ರ ತಂತಿ ಬ್ರಷ್ ತಾಗಿಸಬೇಡಿ, ಮೆದುವಾದ ಸೀಸದಲ್ಲಿ ಮುದ್ರೆ ಒಂದೇ ಉಜ್ಜಿಗೆ ಅಳಿಸಿಹೋಗುತ್ತದೆ. ಸೀಸ ಮುಟ್ಟಿದ ಕೈ ತೊಳೆಯಿರಿ.