ಕೈ ಕಚ್ಚಿಕೊಳ್ಳುವ ಹುಡುಗನ ಮನೆಪಾಠ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದ ದಾವಣಗೆರೆಯ ಈ ಮನೆಯವರದು ಮಂಡಕ್ಕಿ ವ್ಯಾಪಾರ. ಮಗನಿಗೆ 7 ವರ್ಷ, ಆಟಿಸಂ ಇದೆ. ಆಡುವುದು ಎರಡು ಮೂರು ಮಾತು ಅಷ್ಟೇ. ಶಾಲೆಯವರು 'ಸ್ವಲ್ಪ ಸುಧಾರಿಸಲಿ, ಆಮೇಲೆ ಕರ್ಕೊಂಡು ಬನ್ನಿ' ಅಂದರಂತೆ. ಅವತ್ತಿನಿಂದ ತಾಯಿಯೇ ಮನೆಯಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಕೂತು ಸ್ವಲ್ಪ ಹೊತ್ತಿಗೇ ಹುಡುಗ ಕೈ ಕಚ್ಚಿಕೊಳ್ಳುತ್ತಿದ್ದ. ಮುಂಗೈ ಮೇಲೆ ಹಲ್ಲಿನ ಗುರುತು ಕಪ್ಪಗಟ್ಟಿತ್ತು.

'ಹಠ ಮೇಡಂ, ಬರೀ ಹಠ' ಅಂದರು ತಾಯಿ.

ಒಂದು ವಾರ ಬರೆದಿಡಮ್ಮ ಅಂದೆ. ಕಚ್ಚುವ ಮುಂಚೆ ಏನಾಯ್ತು, ಆಮೇಲೆ ನೀವೇನು ಮಾಡಿದಿರಿ. ಅಂಗಡಿ ಲೆಕ್ಕದ ಪುಸ್ತಕದ ಹಿಂದೆಯೇ ಬರೆದು ತಂದರು. ಜಾಸ್ತಿ ಸಲ ಕುಕ್ಕರ್ ಕೂಗಿದಾಗ, ಉಳಿದದ್ದು ಸ್ಲೇಟು ಮುಂದಿಟ್ಟಾಗ. ಪ್ರತಿ ಸಾಲಿನ ಕೊನೆಗೂ ಒಂದೇ: 'ಪಾಠ ಬಿಟ್ಟೆ.'

ಸಾಕು ಅನ್ನಲು ಅವನಿಗೆ ಮಾತಿಲ್ಲ. ಕಚ್ಚಿಕೊಂಡರೆ ಪಾಠ ನಿಲ್ಲುತ್ತೆ ಅನ್ನುವುದು ಗೊತ್ತಾಗಿದೆ. ಅದಕ್ಕೆ ರಟ್ಟಿನ ಮೇಲೆ ಅಡ್ಡ ಹಿಡಿದ ಕೈ ಬರೆದು 'ಸಾಕು' ಚೀಟಿ ಮಾಡಿಸಿದೆ. ಕಚ್ಚುವ ಮೊದಲೇ ಅವನ ಕೈಯಿಂದ ಚೀಟಿ ಕೊಡಿಸಿ, ಕೊಟ್ಟ ಕೂಡಲೇ ಪಾಠ ನಿಲ್ಲಿಸಿ ಅಂದೆ.

'ಹಂಗಾದ್ರೆ ಓದೋದೇ ಇಲ್ಲ, ಅಲ್ವಾ?'

ಮೊದಮೊದಲು ಪದೇ ಪದೇ ಕೊಡುತ್ತಾನೆ, ಕೊಡಲಿ. ಚೀಟಿಗೆ ಬೆಲೆ ಇದೆ ಅಂತ ನಂಬಿಕೆ ಬಂದ ಮೇಲೆ 'ಇನ್ನೊಂದು ಅಕ್ಷರ, ಆಮೇಲೆ ಸಾಕು' ಅನ್ನಬಹುದು. ಚೀಟಿ ಕೊಟ್ಟರೆ ಮಾತೇ ಬರಲ್ಲ ಅಂತ ಅಜ್ಜಿಗೆ ಭಯ. ಚಿತ್ರ ತೋರಿಸಿದರೆ ಮಾತು ಕೆಡುವುದಿಲ್ಲ, ಎಷ್ಟೋ ಮಕ್ಕಳಿಗೆ ಅನುಕೂಲವೇ ಆಗುತ್ತೆ.

ಪಾಠವನ್ನು ಅಡುಗೆ ಮುಗಿದ ಮೇಲೆ, ಒಳಕೋಣೆಗೆ ಹಾಕಿಸಿದೆ. ಒಂದು ಸಲಕ್ಕೆ ಐದೇ ನಿಮಿಷ. ಸೇರಿನಲ್ಲಿ ಮಂಡಕ್ಕಿ ಸುರಿಯುವುದು ಅವನಿಗೆ ಬಲು ಇಷ್ಟ. ಎಣಿಕೆ ಅದರಲ್ಲೇ ಕಲಿಯಲಿ, ಸ್ಲೇಟಿಗೇನು ಅವಸರ? ಗೋಡೆ ಮೇಲೆ 'ಈಗ ಇದು, ಆಮೇಲೆ ಅದು' ಅಂತ ಎರಡು ಚಿತ್ರ ಇರಲಿ.

ಶಾಲೆ ಬಾಗಿಲು ಮುಚ್ಚಿತು ಅಂತ ಸುಮ್ನೆ ಕೂರಬೇಡಿ ಅಂತಲೂ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ಮನೆಯವರದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕಾಣಲು ತಂದೆಗೆ ಹೇಳಿದೆ. ಥೆರಪಿಗೆ ಊರಲ್ಲೇ ಅಂಗವಿಕಲರ ಪುನರ್ವಸತಿ ಕೇಂದ್ರವಾದ ಸಿಆರ್‌ಸಿ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ತಂದೆ ಅಂಗಡಿ ನೆಪ ಹೇಳಿದರು. ಅರ್ಜಿ ಕೆಲಸ ನಿಮ್ಮದೇ, ಆಕೆಗೆ ಪಾಠವೇ ಸಾಕಷ್ಟಿದೆ ಅಂದೆ.