ಡಾಕ್ಟ್ರೇ, ಒಂದು ಪ್ರಶ್ನೆ: ಮೈಯಲ್ಲಿ ಏನೂ ಇಲ್ಲ, ರಿಪೋರ್ಟ್ ಮಾತ್ರ ಪಾಸಿಟಿವ್!

ಮಳೆ ಹಿಡಿದ ಮೇಲೆ ಕೊರೊನಾ ಪತ್ರಗಳು ಮತ್ತೆ ಬರುತ್ತಿವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಒಬ್ಬರಿಗೆ ಜ್ವರ, ಕೆಮ್ಮು, ಆಸ್ಪತ್ರೆ, ಇನ್ನೊಬ್ಬರಿಗೆ ಏನೂ ಇಲ್ಲ, ಇದು ಹೇಗೆ? ಹಾಗಾಗಿ ಈ ವಾರ ಸಕ್ಕರೆ ಕಾಯಿಲೆ, ಮಂಡಿನೋವಿನ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಬೇಜಾರಾಗಬೇಡಿ, ಮುಂದಿನ ಸಂಚಿಕೆಗೆ ಅವು.

ಪ್ರ: 2021ರ ಮೇ ತಿಂಗಳಲ್ಲಿ ನನಗೂ ನಮ್ಮ ಯಜಮಾನರಿಗೂ ಒಂದೇ ದಿನ ಪಾಸಿಟಿವ್ ಬಂತು. ಅವರಿಗೆ ಆಕ್ಸಿಜನ್ ಹಾಕಬೇಕಾಯಿತು. ನನಗೆ ಒಂದು ಸೀನೂ ಬರಲಿಲ್ಲ. ಒಂದೇ ಮನೆ, ಒಂದೇ ಊಟ. ಅವರಿಗೆ ಬಂದ ವೈರಸ್ಸೇ ಬೇರೆ, ನನಗೆ ಬಂದದ್ದೇ ಬೇರೆ ಇತ್ತಾ?
— ಗೃಹಿಣಿ, ಗೋಣಿಕೊಪ್ಪ

ಉ: ಇಲ್ಲ ಅಕ್ಕ, ಹೆಚ್ಚುಕಡಿಮೆ ಖಂಡಿತ ಅದೇ ವೈರಸ್. ಒಂದೇ ಮನೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದು. ವ್ಯತ್ಯಾಸ ಇದ್ದದ್ದು ನಿಮ್ಮಿಬ್ಬರ ಮೈಯಲ್ಲಿ. ಜ್ವರ, ಮೈಕೈ ನೋವು, ಸುಸ್ತು ಇವನ್ನೆಲ್ಲ ತರುವುದು ಬಹುಪಾಲು ವೈರಸ್ ಅಲ್ಲ, ಅದರ ಮೇಲೆ ಬೀಳುವ ನಮ್ಮದೇ ರೋಗನಿರೋಧಕ ಶಕ್ತಿ. ಕೆಲವರ ಮೈ ಮೊದಲ ಒಂದೆರಡು ದಿನದಲ್ಲೇ ಎಚ್ಚೆತ್ತು, ವೈರಸ್ ಮೂಗು-ಗಂಟಲಲ್ಲಿ ಇರುವಾಗಲೇ ಅದನ್ನು ಹಿಡಿದುಬಿಡುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಇನ್ನು ಕೆಲವರಲ್ಲಿ ಈ ಎಚ್ಚರ ತಡವಾಗುತ್ತದೆ. ಅಷ್ಟರಲ್ಲಿ ವೈರಸ್ ಶ್ವಾಸಕೋಶಕ್ಕೆ ಇಳಿದಿರುತ್ತದೆ, ಆಮೇಲೆ ಶುರುವಾಗುವ ಹೋರಾಟ ಜೋರಾಗಿರುತ್ತದೆ. ಆನೆಯನ್ನು ಬೇಲಿಯ ಹತ್ತಿರವೇ ಓಡಿಸಿದರೆ ತೋಟ ಉಳಿಯುತ್ತದೆ. ನಡು ತೋಟಕ್ಕೆ ಬಂದ ಮೇಲೆ ಪಟಾಕಿ ಹೊಡೆದರೆ ಅದರ ಓಟಕ್ಕೇ ಅರ್ಧ ಗಿಡ ಹೋಗುತ್ತದೆ, ಅಲ್ವಾ?

ಯಾರ ಮೈ ಬೇಗ ಎಚ್ಚರಾಗುತ್ತದೆ ಅನ್ನುವುದಕ್ಕೆ ವಯಸ್ಸು ಮುಖ್ಯ, ಸಕ್ಕರೆ ಕಾಯಿಲೆ, ಬೊಜ್ಜು, ಕಿಡ್ನಿ ತೊಂದರೆ ಇದೆಯಾ ಅನ್ನುವುದು ಮುಖ್ಯ, ಲಸಿಕೆ ಆಗಿತ್ತಾ ಅನ್ನುವುದು ತುಂಬಾ ಮುಖ್ಯ. ಹುಟ್ಟಿನಿಂದ ಬಂದದ್ದೂ ಇದೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಅಸ್ಥಿಮಜ್ಜೆ ದಾನಕ್ಕೆ ಹೆಸರು ಕೊಟ್ಟವರ ಜೀನ್ ವಿವರ ಮೊದಲೇ ದಾಖಲಾಗಿರುತ್ತದಲ್ಲ, ಅಂಥ ಸುಮಾರು 30 ಸಾವಿರ ಜನರನ್ನು ಗಮನಿಸಿದರು. ಲಸಿಕೆಗೆ ಮುಂಚೆ ಪಾಸಿಟಿವ್ ಆದರೂ ಏನೂ ಆಗದವರಲ್ಲಿ ನೂರಕ್ಕೆ 20 ಜನರಲ್ಲಿ ಎಚ್‌ಎಲ್‌ಎ-ಬಿ 15:01 ಎಂಬ ಜೀನ್ ಇತ್ತು, ಲಕ್ಷಣ ಬಂದವರಲ್ಲಿ 9 ಜನರಲ್ಲಿ ಮಾತ್ರ. ಅಪ್ಪ-ಅಮ್ಮ ಇಬ್ಬರಿಂದಲೂ ಆ ಜೀನ್ ಬಂದವರಿಗೆ ಲಕ್ಷಣವಿಲ್ಲದೆ ಪಾರಾಗುವ ಸಾಧ್ಯತೆ ಎಂಟು ಪಟ್ಟಿಗೂ ಜಾಸ್ತಿ. ಬರೀ ನೆಗಡಿ ತರುವ ಹಳೆಯ ಕೊರೊನಾ ವೈರಸ್ಸುಗಳನ್ನು ಕಂಡ ಟಿ-ಜೀವಕೋಶಗಳು (ರೋಗಾಣುವನ್ನು ನೆನಪಿಟ್ಟು ಹೋರಾಡುವ ಬಿಳಿ ರಕ್ತಕಣಗಳು) ಹೊಸದನ್ನೂ ಗುರುತಿಸಿದವು ಅನ್ನುವುದು ಅವರ ವಿವರಣೆ. ನಿಮ್ಮಲ್ಲಿ ಆ ಜೀನ್ ಇದೆಯಾ ಅಂತ ಪರೀಕ್ಷೆ ಮಾಡಿಸಲು ಹೋಗಬೇಡಿ, ಅದರಿಂದ ಚಿಕಿತ್ಸೆ ಏನೂ ಬದಲಾಗುವುದಿಲ್ಲ. ಮತ್ತೆ ಯಜಮಾನರಿಗೆ "ನಾನು ಗಟ್ಟಿ, ನೀವು ಮೆತ್ತಗೆ" ಅಂತ ಹೇಳಲೂ ಬೇಡಿ!

ಪ್ರ: ನಾನು ಕಾಫಿ ತೋಟದಲ್ಲಿ ಕೂಲಿಯವರ ಲೆಕ್ಕ ನೋಡುವ ರೈಟರ್. ಕೂಲಿಯವರ ಲೈನ್ ಮನೆಯ ಒಬ್ಬ ಹುಡುಗ ಬೇರೆ ಕಾರಣಕ್ಕೆ ಆಸ್ಪತ್ರೆಗೆ ಹೋದಾಗ ಪಾಸಿಟಿವ್ ಬಂತು. ಲಕ್ಷಣ ಇಲ್ಲ. ಲಕ್ಷಣ ಇಲ್ಲದವನಿಂದ ಹರಡಲ್ಲ, ಕೆಲಸಕ್ಕೆ ಕಳಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಕಳಿಸಲಾ?
— ಸಿದ್ದಾಪುರದ ಓದುಗರು

ಉ: ಕಳಿಸಬೇಡಿ. "ಲಕ್ಷಣ ಇಲ್ಲ" ಅನ್ನುವುದನ್ನು ಪರೀಕ್ಷೆಯ ದಿನವೇ ಹೇಳಲು ಆಗುವುದಿಲ್ಲ. ಆ ದಿನ ಹೇಳಬಹುದಾದದ್ದು "ಇನ್ನೂ ಇಲ್ಲ" ಅಂತ ಅಷ್ಟೆ. ಪಾಸಿಟಿವ್ ಆಗಿ, ವೈರಸ್ ಪೂರ್ತಿ ಹೋಗುವವರೆಗೂ ಏನೂ ಆಗದಿದ್ದರೆ ಅವನು ನಿಜವಾಗಿ ಲಕ್ಷಣರಹಿತ. ನಾಳೆ, ನಾಡಿದ್ದು ಗಂಟಲು ಕೆರೆದರೆ ಅವನು ಲಕ್ಷಣ ಬರುವುದಕ್ಕೆ ಮುಂಚಿನ ಹಂತದಲ್ಲಿದ್ದವನು. ಇಬ್ಬರೂ ಪರೀಕ್ಷೆಯ ದಿನ ಒಂದೇ ಥರ ಕಾಣುತ್ತಾರೆ. 2021ರಲ್ಲಿ ಪ್ರಪಂಚದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಪಾಸಿಟಿವ್ ಬಂದವರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಪರೀಕ್ಷೆಯ ಹೊತ್ತಿಗೆ ಲಕ್ಷಣ ಇರಲಿಲ್ಲ. ಆದರೆ ಕೊನೆಯವರೆಗೂ ಗಮನಿಸಿದ ಅಧ್ಯಯನಗಳನ್ನಷ್ಟೇ ಆರಿಸಿದ 2020ರ ಇನ್ನೊಂದು ವಿಶ್ಲೇಷಣೆಯಲ್ಲಿ ಆ ಸಂಖ್ಯೆ ಸುಮಾರು 20ಕ್ಕೆ ಇಳಿಯಿತು. ಅಂದರೆ ಪರೀಕ್ಷೆಯ ದಿನ ಏನೂ ಇಲ್ಲದವರಲ್ಲಿ ಎಷ್ಟೋ ಜನರಿಗೆ ಆಮೇಲೆ ಲಕ್ಷಣ ಬರುತ್ತದೆ.

ಹರಡುವ ವಿಷಯ ನೋಡಿದರೆ ಹೀಗೆ ಆಮೇಲೆ ಲಕ್ಷಣ ಬರುವವರ ಗುಂಪೇ ಅಪಾಯಕಾರಿ. ಲಕ್ಷಣ ಶುರುವಾಗುವ ಒಂದೆರಡು ದಿನ ಮುಂಚೆ ಮತ್ತು ಶುರುವಾದ ಮೊದಲ ಕೆಲವು ದಿನ, ಆಗಲೇ ಹರಡುವುದು ಜಾಸ್ತಿ. ಕೊನೆಯವರೆಗೂ ಏನೂ ಆಗದವರಿಂದ ಹರಡುವುದು ಇವರಿಗಿಂತ ಕಡಿಮೆ, ಇದು ನಿಜ. ಆದರೆ ಸೊನ್ನೆ ಅಲ್ಲ. ಅವರ ಮೂಗಲ್ಲೂ ಬಹಳ ಸಲ ಅಷ್ಟೇ ವೈರಸ್ ಸಿಕ್ಕಿದೆ, ಬೇಗ ಖಾಲಿಯಾಗುತ್ತದೆ ಅಷ್ಟೆ ಅಂತ ಎಷ್ಟೋ ಕಡೆ ಕಂಡುಬಂದಿದೆ. ಕೆಮ್ಮುವುದಿಲ್ಲ, ಆದರೆ ಮಾತಾಡುತ್ತಾರೆ, ನಗುತ್ತಾರೆ, ಹಾಡುತ್ತಾರೆ. ಇನ್ನೊಂದು ವಿಷಯ ಇದೆ. ಜ್ವರ ಬಂದವನು ಕಂಬಳಿ ಹೊದ್ದು ಮಲಗುತ್ತಾನೆ, ಏನೂ ಇಲ್ಲದವನು ಸಂತೆಗೆ ಹೋಗುತ್ತಾನೆ.

ನಿಮ್ಮಲ್ಲಿ ನನಗೆ ಭಯ ಇರುವುದು ತೋಟದ ಕೆಲಸದ್ದಲ್ಲ. ಬಯಲಲ್ಲಿ, ಗಿಡದಿಂದ ಗಿಡಕ್ಕೆ ದೂರ ನಿಂತು ಕೆಲಸ ಮಾಡುವಾಗ ಹರಡುವುದು ಕಡಿಮೆ. ಕೆಲಸಕ್ಕೆ ಕರೆದುಕೊಂಡು ಹೋಗುವ ಜೀಪು ಇದೆಯಲ್ಲ, ಮಳೆ ಅಂತ ಸುತ್ತ ಟಾರ್ಪಾಲ್ ಇಳಿಸಿ ಹಿಂದೆ ಹತ್ತು-ಹನ್ನೆರಡು ಜನ ಒತ್ತಿ ಕೂರುತ್ತಾರೆ, ಅದು ಸಮಸ್ಯೆ. ಒಂದೇ ಕೋಣೆಯ ಲೈನ್ ಮನೆಯಲ್ಲಿ ಕಿಟಕಿ ಮುಚ್ಚಿ ಮಲಗುವುದು ಸಮಸ್ಯೆ. ಹುಡುಗನಿಗೆ ಬೇರೆ ಕೋಣೆ ಕೊಡಿ. 2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಮನೆ ಆರೈಕೆಯ ನಿಯಮದಲ್ಲಿ ಲಕ್ಷಣ ಇಲ್ಲದವರಿಗೂ, ಸ್ವಲ್ಪ ಲಕ್ಷಣ ಇದ್ದವರಿಗೂ ಒಂದೇ ಲೆಕ್ಕ ಇತ್ತು: ಪಾಸಿಟಿವ್ ಬಂದ ಮೇಲೆ 7 ದಿನ, ಅದರಲ್ಲಿ ಕೊನೆಯ 3 ದಿನ ಜ್ವರ ಇರಬಾರದು. ಅಷ್ಟು ದಿನದ ಕೂಲಿ ಕೊಡುವಂತೆ ನಿಮ್ಮ ಮಾಲೀಕರ ಹತ್ತಿರ ಮಾತಾಡಿ. ಕೂಲಿ ಹೋಗುತ್ತದೆ ಅಂದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ, ನಾನೂ ಹೇಳುತ್ತಿರಲಿಲ್ಲ.

ಪ್ರ: ಅಜ್ಜಿಗೆ 78 ವರ್ಷ. ಜ್ವರ ಇಲ್ಲ, ಕೆಮ್ಮು ಇಲ್ಲ. ಎರಡು ದಿನದಿಂದ ಊಟ ಬೇಡ ಅಂತಾರೆ, ಒಂದು ಸಲ ಮನೆಯಲ್ಲೇ ಬಿದ್ದರು, ನನ್ನನ್ನು ಚಿಕ್ಕಮ್ಮನ ಹೆಸರಲ್ಲಿ ಕರೆದರು. ಟೆಸ್ಟ್ ಮಾಡಿದಾಗ ಪಾಸಿಟಿವ್. ಲಕ್ಷಣ ಇಲ್ಲದ ಕೇಸ್, ಭಯ ಬೇಡ ಅಂತ ಪರಿಚಯದವರು ಹೇಳಿದರು.
— ಮೊಮ್ಮಗಳು, ನಾಪೋಕ್ಲು

ಉ: ಇದು ಲಕ್ಷಣ ಇಲ್ಲದ ಕೇಸ್ ಅಲ್ಲವೇ ಅಲ್ಲ ಅಮ್ಮಾ. ಊಟ ಬಿಟ್ಟದ್ದು, ಬಿದ್ದದ್ದು, ಗುರುತು ತಪ್ಪಿದ್ದು, ಮೂರೂ ಲಕ್ಷಣಗಳೇ. ವಯಸ್ಸಾದವರಲ್ಲಿ ಜ್ವರವೇ ಬಾರದೆ ಕೊರೊನಾ ಹೀಗೆ ಕಾಣಿಸುತ್ತದೆ. ನಿಮಗೆ ಅಂಚೆಯಲ್ಲಿ ಉತ್ತರ ಮೊದಲೇ ಕಳಿಸಿದ್ದೇನೆ, ಇಲ್ಲಿ ಹಾಕಿದ್ದು ಬೇರೆಯವರಿಗಾಗಿ.

ಇಂಥವರಿಗೆ ಆಕ್ಸಿಮೀಟರ್, ಅಂದರೆ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಅಳೆಯುವ ಸಾಧನ, ಬೇಕೇ ಬೇಕು. ಆಕ್ಸಿಜನ್ ಇಳಿದಿದ್ದರೂ ಉಸಿರು ಕಟ್ಟಿದ ಹಾಗೆ ಅನ್ನಿಸದೆ ಆರಾಮಾಗಿ ಮಾತಾಡುತ್ತಾ ಕೂತವರನ್ನು ಎರಡನೇ ಅಲೆಯಲ್ಲಿ ಬೇಕಾದಷ್ಟು ನೋಡಿದ್ದೇವೆ. 94ಕ್ಕಿಂತ ಕೆಳಗೆ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಬೆರಳು ಮಂಜುಗಡ್ಡೆ ಆಗಿರುತ್ತದೆ, ತಣ್ಣಗಿರುವ ಬೆರಳಿಗೆ ಹಾಕಿದರೆ ಸಂಖ್ಯೆ ತಪ್ಪು ಬರುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಉಗುರು ಬಣ್ಣ ಇದ್ದರೆ ತೆಗೆದು, ಒಂದು ನಿಮಿಷ ಸುಮ್ನೆ ಕೂರಿಸಿ ನೋಡಿ. "ಮಡಿಕೇರಿ ಎತ್ತರದಲ್ಲಿದೆ, ಅದಕ್ಕೇ ಆಕ್ಸಿಜನ್ ಕಡಿಮೆ" ಅಂತ ಒಬ್ಬರು ನನಗೇ ಪಾಠ ಮಾಡಿದ್ದರು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಷ್ಟಕ್ಕೆಲ್ಲ ಆರೋಗ್ಯವಾಗಿರುವವರ ಆಕ್ಸಿಜನ್ 90ಕ್ಕೆ ಇಳಿಯುವುದಿಲ್ಲ.

ಪ್ರ: ನನಗೆ ಏನೂ ಇರಲಿಲ್ಲ, ಸಿ.ಟಿ. ವ್ಯಾಲ್ಯೂ 18 ಬಂತು. ರೂಮ್‌ಮೇಟ್‌ಗೆ 102 ಜ್ವರ, ಅವಳದ್ದು 30. ಕಡಿಮೆ ಇದ್ದರೆ ವೈರಸ್ ಜಾಸ್ತಿ ಅಂತಾರಲ್ಲ, ಲ್ಯಾಬ್‌ನವರು ಅದಲು ಬದಲು ಮಾಡಿದ್ದಾರಾ?
— ವಿದ್ಯಾರ್ಥಿನಿ, ಮಡಿಕೇರಿ

ಉ: ಲ್ಯಾಬ್‌ನವರನ್ನು ಬಿಟ್ಟುಬಿಡಿ ಪಾಪ. ಸ್ಯಾಂಪಲ್‌ನಲ್ಲಿ ವೈರಸ್ ಕಾಣುವವರೆಗೆ ಯಂತ್ರ ಎಷ್ಟು ಸುತ್ತು ಓಡಬೇಕಾಯಿತು ಅನ್ನುವ ಲೆಕ್ಕ ಅದು. ಸಿ.ಟಿ. ಸ್ಕ್ಯಾನ್‌ಗೂ ಅದಕ್ಕೂ ಸಂಬಂಧ ಇಲ್ಲ. ಮೂರು ಚಿಲ್ಲರೆ ಸುತ್ತು ಕಡಿಮೆಯಾದರೆ ವೈರಸ್ ಸುಮಾರು ಹತ್ತು ಪಟ್ಟು ಜಾಸ್ತಿ ಅಂತ ಅರ್ಥ, ಅಲ್ಲಿಗೆ ನೀವು ಹೇಳಿದ್ದು ಸರಿ. ಆದರೆ ಕಡ್ಡಿ ಎಷ್ಟು ಒಳಗೆ ಹೋಯಿತು, ಸೋಂಕಿನ ಎಷ್ಟನೇ ದಿನ ತೆಗೆದರು ಅನ್ನುವುದರ ಮೇಲೆಯೇ ಸಂಖ್ಯೆ ಏರುಪೇರಾಗುತ್ತದೆ. ನಿಮ್ಮದು ಬಹುಶಃ ಏರುವ ದಿನ, ಅವಳದ್ದು ಇಳಿಯುವ ದಿನ. ಕಾಯಿಲೆ ಎಷ್ಟು ಜೋರು ಅಂತ ಈ ಸಂಖ್ಯೆಯಿಂದ ಹೇಳಲು ಬರುವುದಿಲ್ಲ. ಆರಾಮಾದ ಮೇಲೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಿಸಬೇಡಿ. ಸತ್ತ ವೈರಸ್ಸಿನ ಚೂರುಗಳನ್ನು ಹಿಡಿದು ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ, ಸುಮ್ನೆ ನಿದ್ದೆ ಹಾಳು.

ಪ್ರ: ಲಕ್ಷಣ ಇಲ್ಲದೆ ಬಂದು ಹೋದರೆ ರೋಗನಿರೋಧಕ ಶಕ್ತಿ ಬರುತ್ತದಾ? ಒಳಗೆ ಏನಾದರೂ ಹಾಳಾಗಿರುತ್ತದಾ? ನಾನು ಹಾಕಿ ಆಡುವವನು. ನನಗೆ 2020ರಲ್ಲಿ ಏನೂ ಆಗದೆ ಬಂದು ಹೋಯಿತು. ಈಗ ಓಡಿದರೆ ದಮ್ಮು ಹತ್ತುತ್ತದೆ.
— ಪೊನ್ನಂಪೇಟೆಯ ಓದುಗರು

ಉ: ಮೊದಲ ಪ್ರಶ್ನೆಗೆ: ಬರುತ್ತದೆ, ಆದರೆ ಸ್ವಲ್ಪ ಕಡಿಮೆ. 2020ರಲ್ಲಿ ಚೀನಾದ ಚಾಂಗ್‌ಕಿಂಗ್‌ನಲ್ಲಿ ಲಕ್ಷಣ ಇಲ್ಲದ 37 ಜನರನ್ನೂ ಲಕ್ಷಣ ಇದ್ದ 37 ಜನರನ್ನೂ ಹೋಲಿಸಿದರು. ಗುಣವಾಗಿ ಕೆಲವು ವಾರಗಳಾದ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ 40 ಜನರ ರಕ್ತದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ಮೈ ತಯಾರಿಸುವ ಆಂಟಿಬಾಡಿ) ಸಿಗಲೇ ಇಲ್ಲ, ಎರಡನೆಯದರಲ್ಲಿ 13 ಜನರಲ್ಲಿ. ಚಿಕ್ಕ ಅಧ್ಯಯನ, ನೆನಪಿರಲಿ. ಪ್ರತಿಕಾಯ ಇಲ್ಲ ಅಂದರೆ ರಕ್ಷಣೆಯೇ ಇಲ್ಲ ಅಂತಲೂ ಅಲ್ಲ, ಟಿ-ಜೀವಕೋಶಗಳ ನೆನಪು ಬೇರೆ ಇರುತ್ತದೆ. ನಿಮ್ಮ ಹಾಗೆ ಗೊತ್ತಾಗದೆ ಬಂದು ಹೋದವರು ಎಷ್ಟು ಅನ್ನುತ್ತೀರಿ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್-ಜುಲೈನಲ್ಲಿ ಮಾಡಿದ ಸಮೀಕ್ಷೆಯಲ್ಲಿ ಲಸಿಕೆ ಹಾಕಿಸದವರಲ್ಲೇ ನೂರಕ್ಕೆ 62 ಜನರಲ್ಲಿ ಪ್ರತಿಕಾಯ ಇತ್ತು. ಅಧಿಕೃತವಾಗಿ ಆಗ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದ ಪ್ರಕರಣಗಳು ಸುಮಾರು 3 ಕೋಟಿ ಮಾತ್ರ. ಎಲ್ಲರೂ ಲಕ್ಷಣ ಇಲ್ಲದವರು ಅಂತ ಅಲ್ಲ, ಎಷ್ಟೋ ಜನ "ಬರೀ ನೆಗಡಿ" ಅಂತ ಟೆಸ್ಟಿಗೇ ಹೋಗಲಿಲ್ಲ.

ಒಳಗೆ ಹಾಳಾಗುವ ಪ್ರಶ್ನೆಗೆ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನೆನಪಿಸುತ್ತೇನೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತಿತ್ತು. 3,711 ಜನರಲ್ಲಿ 712 ಜನ ಪಾಸಿಟಿವ್. ಲಕ್ಷಣ ಇಲ್ಲದವರಲ್ಲಿ ಕೆಲವರಿಗೆ ಎದೆಯ ಸ್ಕ್ಯಾನ್ ಮಾಡಿದಾಗ ಅರ್ಧಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಮಸುಕು ಕಲೆಗಳಿದ್ದವು. ಅಂದರೆ ನಮಗೆ ಗೊತ್ತಾಗದಿದ್ದರೂ ಒಳಗೆ ಏನೋ ನಡೆದಿರಬಹುದು. ಆದರೆ ಲಕ್ಷಣ ಬಂದವರಿಗಿಂತ ಆ ಕಲೆಗಳು ಸಣ್ಣವು. ದೀರ್ಘಕಾಲದ ಕೊರೊನಾ ತೊಂದರೆ ಕೂಡ ಇವರಲ್ಲಿ ಕಡಿಮೆ, ಇಲ್ಲವೇ ಇಲ್ಲ ಅಂತ ಅಲ್ಲ. ನಿಮ್ಮ ದಮ್ಮಿಗೆ 2020ರ ಕೊರೊನಾವೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಇಷ್ಟು ವರ್ಷ ಆದ ಮೇಲೆ ಹೊಸದಾಗಿ ಶುರುವಾಗಿದ್ದರೆ ಬೇರೆ ಕಾರಣ ಹುಡುಕಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ, ಉಸಿರಾಟದ ಪರೀಕ್ಷೆ ಮಾಡಿಸಿ. ತೂಕ ಎಷ್ಟು ಅಂತ ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಓಡುವಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಮಾತ್ರ ಮೈದಾನ ಬಿಟ್ಟು ಅದೇ ದಿನ ವೈದ್ಯರನ್ನು ನೋಡಿ.

ಪ್ರ: ಮನೆಯಲ್ಲಿ ಎಲ್ಲರಿಗೂ ಬಂದು ಹೋಯಿತು, ಆರು ವರ್ಷದ ಮಗನಿಗೆ ಏನೂ ಆಗಲಿಲ್ಲ. ಇನ್ನು ನಿಶ್ಚಿಂತೆ ತಾನೆ?
— ಕುಶಾಲನಗರದ ತಾಯಿ

ಉ: ಬಹುಪಾಲು ನಿಶ್ಚಿಂತೆ. ಒಂದನ್ನು ಮಾತ್ರ ತಿಳಿದುಕೊಂಡಿರಿ. ಅಪರೂಪಕ್ಕೆ, ಸೋಂಕಾದ ಎರಡರಿಂದ ಆರು ವಾರಗಳ ನಡುವೆ ಮಕ್ಕಳಿಗೆ ಜೋರು ಜ್ವರ, ಹೊಟ್ಟೆನೋವು, ವಾಂತಿ, ಕೆಂಪು ಕಣ್ಣು, ಮೈಮೇಲೆ ದದ್ದು ಬರಬಹುದು. ಸೋಂಕು ಗೊತ್ತೇ ಆಗದ ಮಕ್ಕಳಲ್ಲೂ ಇದು ಬಂದಿದೆ. ಆಗ ಕಾಯದೆ ಮಕ್ಕಳ ವೈದ್ಯರ ಹತ್ತಿರ ಹೋಗಿ, ಮನೆಯಲ್ಲಿ ಕೊರೊನಾ ಆಗಿತ್ತು ಅಂತ ನೀವೇ ಹೇಳಿ. ಜ್ವರ ಅಂದರೆಲ್ಲ ಕೊರೊನಾ ಅಂತಲೂ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಡೆಂಗಿ ಇದೆ, ಗದ್ದೆ ಕೆಸರಲ್ಲಿ ಆಡುವ ಮಕ್ಕಳಿಗೆ ಇಲಿಜ್ವರ ಇದೆ. ಎರಡಕ್ಕೂ ರಕ್ತ ಪರೀಕ್ಷೆ ಬೇಕು.

ಪ್ರ: ಲಕ್ಷಣ ಇಲ್ಲದವರು ಔಷಧಿ ಬದಲು ಕರಿಮೆಣಸಿನ ಕಷಾಯ, ಜೇನು, ಒಂದು ಪೆಗ್ ಬ್ರಾಂಡಿ ತೆಗೆದುಕೊಂಡರೆ ಸಾಕಲ್ಲವೇ?
— ಸೋಮವಾರಪೇಟೆಯ ಹಿರಿಯರು

ಉ: ಲಕ್ಷಣ ಇಲ್ಲದ, ಬೇರೆ ಕಾಯಿಲೆಯೂ ಇಲ್ಲದವರಿಗೆ ಔಷಧಿಯೇ ಬೇಡ ಸಾರ್. ಆಂಟಿಬಯೋಟಿಕ್ ಬೇಡ, ಸ್ಟೀರಾಯ್ಡ್ ಅಂತೂ ಬೇಡವೇ ಬೇಡ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು ತಮ್ಮ ವೈದ್ಯರಿಗೆ ಒಂದು ಫೋನ್ ಮಾಡಲಿ. ಬ್ರಾಂಡಿ ವೈರಸ್ಸಿಗೆ ಏನೂ ಮಾಡುವುದಿಲ್ಲ, ಕಾರಣ ಹುಡುಕುತ್ತಿದ್ದರೆ ಬೇರೆ ಹುಡುಕಿ. ಕಷಾಯ ಗಂಟಲಿಗೆ ಹಿತ, ಗ್ಯಾಸ್ಟ್ರಿಕ್ ಇಲ್ಲದವರು ಕುಡಿಯಿರಿ. ಜೇನು ಕೂಡ ಆಗಬಹುದು. ಒಂದು ವರ್ಷ ತುಂಬದ ಮಕ್ಕಳಿಗೆ ಮಾತ್ರ ನೆಕ್ಕಿಸಬೇಡಿ, ಅಸಲಿ ಕೊಡಗಿನ ಜೇನಾದರೂ ಸರಿ.